ಮಡಿಲಕ್ಕಿ ಇಲ್ಲದೆ ಬಸ್ ಹತ್ತಿದ ಕೆರೆಯಮ್ಮ

ತಂಗಿ ಬರೆದ ಪುಸ್ತಕದ ಎರಡನೇ ಭಾಗ ಅಚ್ಚು ಹಾಕಿಸಲು ಐವತ್ತೆಂಟು ಸಾವಿರ ಬಿತ್ತು. ಪ್ರೆಸ್ಸಿನವರು ಅರವತ್ತಾರರಿಂದ ಶುರು ಮಾಡಿದ್ದರು. ನಾನು ಎದ್ದು ಬಾಗಿಲವರೆಗೂ ಹೋಗಿ, ಕರೆಸಿಕೊಂಡು, ಮತ್ತೆ ಕೂತು, ಅವರದೇ ಕಾಫಿ ಕುಡಿದು ಅಲ್ಲಿಗೆ ತಂದೆ. ಇನ್ನೂ ಇಳಿಸಬಹುದಿತ್ತು. ಆದರೆ ಜೊತೆಗೆ ಬಂದಿದ್ದ ನನ್ನ ತಂಗಿ ತೆಳು ಕಾಗದ ಬೇಡ ಎಂದಳು, ರಟ್ಟಿಗೆ ಬಣ್ಣ ಬೇಕೆಂದಳು, ಮೊದಲ ಪುಟದಲ್ಲಿ ಊರಿನ ನಕ್ಷೆ ಇರಲೇಬೇಕೆಂದಳು. ಮಾರುವವನ ಎದುರಿಗೇ ಮನೆಯವರು ಇದು ಬೇಕು, ಅದು ಬೇಕು ಎಂದರೆ ಚೌಕಾಸಿ ಅಲ್ಲಿಗೆ ಸತ್ತ ಹಾಗೆ.

ಆ ದುಡ್ಡು ಯಾಕೆ ಹಾಕಿದೆ ಎಂದರೆ, ಪುಣ್ಯಕ್ಕೂ ಅಲ್ಲ, ಸಾಹಿತ್ಯದ ಮೇಲಿನ ಪ್ರೀತಿಗೂ ಅಲ್ಲ. ಗೌರಿಬಿದನೂರಿಗೆ ಕೊಟ್ಟಿದ್ದ ತಂಗಿ ಗಂಡನನ್ನು ಕಳೆದುಕೊಂಡು ಶಿಡ್ಲಘಟ್ಟದ ನಮ್ಮ ಮನೆಗೆ ವಾಪಸ್ ಬಂದಾಗ ಮಾತು ಬಿಟ್ಟುಬಿಟ್ಟಿದ್ದಳು. ಊಟ ಆಯ್ತಾ ಎಂದರೆ ಆಯ್ತು. ನಿದ್ದೆ ಬಂತಾ ಎಂದರೆ ಬಂತು. ಮುದ್ದೇನಹಳ್ಳಿಯ ಕಡೆ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಸಿಕ್ಕಿ ಚಿಕ್ಕಬಳ್ಳಾಪುರದಲ್ಲಿ ಒಂದು ಸಣ್ಣ ಬಾಡಿಗೆ ಮನೆ ಹಿಡಿದ ಮೇಲೂ ಹಾಗೆಯೇ ಇದ್ದಳು. ಅಲ್ಲಿ ಕೂತು ಅವಳು ಕೆರೆಯಮ್ಮನ ಕತೆ ಬರೆಯತೊಡಗಿದ ಮೇಲೆ ಮಾತು ಬಂತು. ‘ಅಣ್ಣಾ, ನೀರಿನ ಘಟಕದಲ್ಲಿ ನಾಣ್ಯ ಸಿಕ್ಕಾಕೊಂಡ್ರೆ ಏನ್ಮಾಡ್ತಾರೆ?’ ಎಂದು ಒಂದು ದಿನ ತಾನಾಗಿಯೇ ಫೋನ್ ಮಾಡಿ ಕೇಳಿದಳು. ನಾನು ರಸ್ತೆ ಪಕ್ಕ ಗಾಡಿ ನಿಲ್ಲಿಸಿ, ಗೊತ್ತಿದ್ದದ್ದನ್ನೂ ಗೊತ್ತಿಲ್ಲದ್ದನ್ನೂ ಸೇರಿಸಿ ಹೇಳಿದೆ. ಬರೆಯುವುದು ನಿಂತರೆ ಮಾತೂ ನಿಂತೀತು ಎನ್ನುವ ಹೆದರಿಕೆಗೇ ನಾನು ಆ ದುಡ್ಡು ಹಾಕಿದ್ದು.

ಕತೆ ಹೀಗಿದೆ. ಊರಿನ ಕೆರೆ ಮುಚ್ಚಿ ಲೇಔಟ್ ಮಾಡಿದ್ದಾರೆ. ಆ ಕೆರೆಯನ್ನು ನೂರಾರು ವರ್ಷ ಕಾಯ್ದ ದೇವತೆ ಕೆರೆಯಮ್ಮನಿಗೆ ಇರಲು ಜಾಗವಿಲ್ಲ. ಅವಳು ಐದು ರೂಪಾಯಿ ಹಾಕಿದರೆ ಕ್ಯಾನು ತುಂಬುವ ನೀರಿನ ಘಟಕದಲ್ಲಿ ಕೆಲಸಕ್ಕೆ ಸೇರಿಕೊಳ್ಳುತ್ತಾಳೆ. ಕೋಟೆ ಬಾಗಿಲು ಕಾಯುತ್ತಿದ್ದವನು ಶೇರ್ ಆಟೋ ಓಡಿಸುತ್ತಾನೆ. ಗಡಿಕಲ್ಲಿನವನು ಬಸ್ ಕಂಡಕ್ಟರ್. ಪಕ್ಕದ ಸೀಟಿನಲ್ಲಿ ಕೂತವರು ಯಾರೆಂದು ಊರಿನವರಿಗೆ ಗೊತ್ತೇ ಇಲ್ಲ. ಮೊದಲನೇ ಭಾಗ ನಾನೆಣಿಸಿದ್ದಕ್ಕಿಂತ ಬೇಗ ಖರ್ಚಾಯಿತು. ಅಂಗಡಿಯವರು ಅದರ ಹೆಸರು ಮರೆತು ‘ಕೆರೆಯಮ್ಮನ ಪುಸ್ತಕ’ ಎಂದೇ ಕೇಳುತ್ತಿದ್ದರು. ಎರಡನೇ ಭಾಗದಲ್ಲಿ ಕೆರೆಯಮ್ಮ ತನ್ನ ನೀರು ಎಲ್ಲಿಗೆ ಹೋಯಿತೆಂದು ಹುಡುಕುತ್ತಾಳೆ, ಬೋರ್‌ವೆಲ್ ಲಾರಿಯೊಳಗಿರುವ ರಾಕ್ಷಸನ ಜೊತೆ ಗುದ್ದಾಡುತ್ತಾಳೆ, ಕೊನೆಯಲ್ಲಿ ಗೌರಿಬಿದನೂರಿನ ಕಡೆ ಹೋಗುವ ಸಂಜೆ ಬಸ್ ಹತ್ತಿ ಊರು ಬಿಟ್ಟು ಹೋಗುತ್ತಾಳೆ. ಕಳಿಸಲು ಯಾರೂ ಬರುವುದಿಲ್ಲ.

ಪುಸ್ತಕ ಬಂದ ದಿನ ತಂಗಿ ಒಂದು ಮಾತು ಹೇಳಿದಳು. ‘ಮೂರನೇದು ಬರೀಬೇಕಾ ಬೇಡ್ವಾ ಅಂತ ಓದಿದೋರನ್ನ ಕೇಳಿ ಬಾ ಅಣ್ಣಾ. ಅವ್ರಿಗೆ ಇಲ್ಲಿಗೇ ಮುಗೀತು ಅನ್ನಿಸಿದ್ರೆ ನಂಗೂ ಮುಗೀತು. ಆದ್ರೆ ಅವ್ರು ಹೇಳಿದ್ದನ್ನ ಹೇಳ್ದಂಗೇ ಹೇಳ್ಬೇಕು. ನಿನ್ನ ವ್ಯಾಪಾರ ಸೇರಿಸ್ಬೇಡ.’

ನನ್ನ ವ್ಯಾಪಾರ ಚಂದ್ರಿಕೆಯದು. ರೇಷ್ಮೆ ಹುಳ ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆಗಳಿಗೆ ನಮ್ಮ ಕಡೆ ಹಾಗೆನ್ನುತ್ತಾರೆ. ಹಳೆಯದನ್ನು ಕೊಂಡು, ಹೆಣೆಸಿ, ಬಾಡಿಗೆಗೂ ಕೊಡುತ್ತೇನೆ, ಮಾರುತ್ತೇನೆ. ತಲೆ ಮೇಲೆ ಹೊತ್ತು ಶುರು ಮಾಡಿದವನು, ಈಗ ಗೂಡ್ಸ್ ಗಾಡಿ ಇದೆ. ಸುತ್ತಲಿನ ನಾಲ್ಕು ತಾಲ್ಲೂಕು ತಿರುಗುವುದು ಹೇಗೂ ಇದ್ದದ್ದೇ, ಚಂದ್ರಿಕೆಗಳ ನಡುವೆ ಪುಸ್ತಕದ ಕಟ್ಟು ಇಟ್ಟುಕೊಂಡೆ. ಅಭಿಪ್ರಾಯ ತರುವುದೇನು ಭಾರವೇ ಎಂದುಕೊಂಡಿದ್ದೆ. ಬಿದಿರೇ ವಾಸಿ. ಒಂದು ಕಡೆ ಹೊತ್ತು ಇನ್ನೊಂದು ಕಡೆ ಇಳಿಸಿದರೆ ಆಯಿತು.

ಚಿಕ್ಕಬಳ್ಳಾಪುರದ ಕಾಲೇಜು ಹುಡುಗಿಯರು ಬಸ್ ಸ್ಟ್ಯಾಂಡ್ ಹತ್ತಿರ ಹಿಡಿದುಕೊಂಡರು. ಒಬ್ಬಳು, ‘ಅಂಕಲ್, ಫಸ್ಟ್ ಪಾರ್ಟಲ್ಲಿ ನೀರು ಮುಟ್ಟಿದ್ರೆ ಮಾತ್ರ ಪವರ್ ಬರ್ತಿತ್ತು. ಇದ್ರಲ್ಲಿ ಒಣಗಿದ ಬೋರಲ್ಲೂ ಬರುತ್ತೆ. ಇದು ಚೀಟಿಂಗ್’ ಎಂದಳು. ಇನ್ನೊಬ್ಬಳಿಗೆ ಕೆರೆಯಮ್ಮನಿಗೂ ಆಟೋದವನಿಗೂ ಲವ್ ಆಗಲಿಲ್ಲವೆಂದು ಬೇಜಾರು. ಮೂರನೆಯವಳು ಓದೇ ಇರಲಿಲ್ಲ, ಆದರೂ ‘ಸೀಕ್ವೆಲ್ ಯಾವಾಗ್ಲೂ ಅಷ್ಟೇ’ ಎಂದಳು.

ಗೌರಿಬಿದನೂರಿನಲ್ಲಿ ಬೇಕರಿಯವರಿಗೆ ಬೇರೆಯದೇ ಸಿಟ್ಟು. ಬನ್ನು ಕಟ್ಟಿಕೊಡುತ್ತಲೇ ಕೇಳಿದರು.

‘ಅಲ್ಲ ಸಾವ್ಕಾರ್ರೇ, ಆ ಲಾರಿ ರಾಕ್ಷಸ ನಮ್ಮೂರೋನೇ ಯಾಕಾಗ್ಬೇಕು? ನಿಮ್ಮ ಶಿಡ್ಲಘಟ್ಟದಲ್ಲಿ ರಾಕ್ಷಸರಿಗೆ ಬರ ಬಂದೈತಾ?’

‘ಲಾರಿಗಳು ನಿಮ್ಮೂರಲ್ಲಿ ಜಾಸ್ತಿ ಕಣಪ್ಪ.’

‘ಲಾರಿ ಜಾಸ್ತಿ ಇದ್ರೆ ರಾಕ್ಷಸರು ಜಾಸ್ತಿನಾ? ನಮ್ಮೂರಿನ ಸೊಸೆ ಆಗಿದ್ದೋರು ಹಿಂಗೆ ಬರೀಬಾರ್ದಾಗಿತ್ತು. ಹೇಳಿ ಅವ್ರಿಗೆ.’ ಹೀಗೆಂದವರು ಇನ್ನೊಂದು ಪ್ರತಿ ತೆಗೆದುಕೊಂಡರು, ಭಾವಮೈದುನನಿಗೆ ತೋರಿಸಬೇಕಂತೆ.

ನಗರಗೆರೆಯಲ್ಲಿ ನನ್ನ ಹಳೆಯ ಗಿರಾಕಿಯೊಬ್ಬರಿದ್ದಾರೆ, ಹಿಪ್ಪುನೇರಳೆ ತೋಟದವರು. ಪುಸ್ತಕದಲ್ಲಿ ಅಂಗೈಯಲ್ಲಿ ತೆಂಗಿನಕಾಯಿ ಮಲಗಿಸಿಕೊಂಡು ನಡೆದು, ಕಾಯಿ ಎದ್ದು ನಿಂತ ಕಡೆ ನೀರಿದೆ ಎನ್ನುವ ಒಬ್ಬ ಮುದುಕ ಬರುತ್ತಾನೆ. ಅಂಥವರು ನಮ್ಮಲ್ಲಿ ನಿಜಕ್ಕೂ ಇದ್ದಾರೆ, ಬೋರ್ ಹಾಕಿಸುವ ಮುಂಚೆ ಕರೆಸುವುದು ಎಲ್ಲರಿಗೂ ರೂಢಿ. ಗಿರಾಕಿ ಚಂದ್ರಿಕೆಯ ಲೆಕ್ಕವನ್ನೆಲ್ಲ ಬದಿಗಿಟ್ಟು, ‘ಪುಸ್ತಕ ಚೆನ್ನಾಗೈತೆ. ಆ ಕಾಯಿ ಹಿಡಿಯೋ ತಾತನ ನಂಬರ್ ಕೊಡಿ’ ಎಂದರು. ಅವನು ಕಟ್ಟುಕತೆಯವನು ಎಂದೆ. ‘ನಂಬರ್ ಕೊಡೋಕೆ ಇಷ್ಟ ಇಲ್ಲ ಅಂದ್ರೆ ಹಂಗೇ ಹೇಳಿ ಸಾಮಿ. ಎಲ್ಲಾ ಬೋರ್ ಪಾಯಿಂಟು ಸರಿಯಾಗೇ ತೋರ್ಸವ್ನೆ, ಸುಳ್ಳೋನಾದ್ರೆ ಒಂದಾದ್ರೂ ಫೇಲಾಗ್ಬೇಕಲ್ಲ’ ಎಂದು ಮುಖ ತಿರುಗಿಸಿಕೊಂಡರು. ಆ ಸಲ ಚಂದ್ರಿಕೆಯನ್ನು ಬೇರೆಯವರ ಹತ್ತಿರ ತರಿಸಿದರು.

ಇದನ್ನೆಲ್ಲ ನಾನು ತಂಗಿಗೆ ಅವರು ಹೇಳಿದಂತೆಯೇ ಹೇಳಿದೆ. ತಾತನ ನಂಬರಿನ ವಿಷಯಕ್ಕೆ ನಕ್ಕಳು. ಉಳಿದದ್ದಕ್ಕೆ ‘ಹೂಂ’ ಎಂದಳು. ನನ್ನ ಅನುಭವದ ಮಾತೂ ಹೇಳಿದೆ: ಸರಕನ್ನು ಹೊಗಳಿದವನು ಕೊಳ್ಳುವುದಿಲ್ಲ, ಹೊಗಳಿ ನಮಸ್ಕಾರ ಮಾಡಿ ಮುಂದಿನ ಅಂಗಡಿಗೆ ಹೋಗುತ್ತಾನೆ. ಇಲ್ಲಿ ಕಡ್ಡಿ ಮುರಿದಿದೆ, ಅಲ್ಲಿ ಹೆಣಿಗೆ ಸಡಿಲ ಎಂದು ಹುಳುಕು ತೆಗೆಯುವವನೇ ಕೊಳ್ಳುವವನು. ಇಷ್ಟು ಜನ ಹುಳುಕು ತೆಗೆದಿದ್ದಾರೆ ಎಂದರೆ ಮೂರನೆಯದು ಬೇಕು ಅಂತಲೇ. ತಂಗಿ ನನ್ನ ಮುಖ ನೋಡಿ, ‘ಚಂದ್ರಿಕೆ ಬೇರೆ ಅಣ್ಣಾ’ ಎಂದಳು. ‘ಯಾರಾದ್ರೂ ಕೆರೆಯಮ್ಮ ಎಲ್ಲಿಗೆ ಹೋದ್ಲು ಅಂತ ಕೇಳಿದ್ರಾ?’

ಯಾರೂ ಕೇಳಿರಲಿಲ್ಲ. ಲವ್ ಕೇಳಿದರು, ರಾಕ್ಷಸನ ಊರು ಕೇಳಿದರು, ಫೋನ್ ನಂಬರ್ ಕೇಳಿದರು. ಇದನ್ನೂ ಇದ್ದ ಹಾಗೆಯೇ ಹೇಳಬೇಕಾಯಿತು.

ಕೊನೆಗೆ ಚಿಂತಾಮಣಿ ಉಳಿದಿತ್ತು. ಅಲ್ಲಿ ಬಳೆ, ರವಿಕೆ ಬಟ್ಟೆ ಮಾರುವ ಒಬ್ಬ ಹೆಂಗಸಿನ ಅಂಗಡಿಯಲ್ಲಿ ಮೊದಲನೇ ಭಾಗ ಚೆನ್ನಾಗಿ ಹೋಗಿತ್ತು. ಬಳೆ ತೊಡಿಸುತ್ತಾ ಕತೆ ಹೇಳಿ, ಅರ್ಧಕ್ಕೆ ನಿಲ್ಲಿಸಿ, ಉಳಿದದ್ದು ಬೇಕಾದರೆ ಪುಸ್ತಕ ತಗೊಳ್ಳಿ ಎನ್ನುವ ಜಾಣೆ. ನಾನು ಹೋದಾಗ ಕೂರು ಎಂದೂ ಹೇಳಲಿಲ್ಲ. ಮುಂಚೆಯೇ ಕೊಟ್ಟು ಹೋಗಿದ್ದ ಎರಡನೇ ಭಾಗದ ಕಟ್ಟು ಹಾಗೆಯೇ ಮೂಲೆಯಲ್ಲಿತ್ತು.

‘ಮಾರಿಲ್ವೇನಮ್ಮ?’ ಎಂದೆ.

‘ಮಾರಲ್ಲ ಅಣ್ಣಯ್ಯ. ಓದಿದೆ. ಓದಿ ಎರಡು ದಿನ ಊಟ ಸೇರ್ಲಿಲ್ಲ. ವೊಡಿಬಿಯ್ಯಂ ಪೆಟ್ಟಕುಂಡಾ ಆಡಬಿಡ್ಡನಿ ಎವರನ್ನಾ ಪಂಪಿಸ್ತಾರಾ?’ ಎಂದು ತೆಲುಗಿಗೆ ಇಳಿದರು. ಮಡಿಲಕ್ಕಿ ಕೊಡದೆ ಮನೆ ಮಗಳನ್ನು ಯಾರಾದರೂ ಕಳಿಸುತ್ತಾರಾ ಎಂದು. ‘ಆ ಊರಿಗೆ ಅಷ್ಟು ವರ್ಷ ನೀರು ಕೊಟ್ಟೋಳು. ಹೊರಟ್ರೆ ಒಂದು ಹಿಡಿ ಅಕ್ಕಿ, ಒಂದು ಕಾಯಿ, ಒಂದು ರವಿಕೆ ಕಣ ಇಡೋರು ಯಾರೂ ಇರ್ಲಿಲ್ವಾ? ಆಟೋದೋನು ಗಂಡಸು, ಅವ್ನಿಗೆ ತಿಳೀದು. ಬರ್ದೋರು ಹೆಣ್ಣಲ್ವಾ? ಬರಿ ಮಡ್ಲಲ್ಲಿ ಹೋದೋಳು ತಿರುಗಿ ಬರಲ್ಲ. ಮುಗೀತು ಆ ಕತೆ. ನೀನು ಮೂರನೇದು ತಂದ್ರೂ ನಾನು ನಂಬಲ್ಲ.’

ನಾನು ಗಾಡಿಗೆ ಬಂದು ಕೂತೆ. ಇಷ್ಟು ದಿನ ನಾನು ತಂದದ್ದೆಲ್ಲ ಚಿಲ್ಲರೆ ಮಾತು, ಇದೊಂದೇ ತೂಕದ್ದು ಎಂದು ಗೊತ್ತಾಯಿತು. ಇದನ್ನು ಹೇಳದೆ ಬಿಟ್ಟುಬಿಡಲೇ ಎಂದೂ ಅನ್ನಿಸಿತು. ಆದರೆ ತಂಗಿಗೆ ಕೊಟ್ಟ ಮಾತಿತ್ತು. ಅವತ್ತು ಸಂಜೆ ಚಿಕ್ಕಬಳ್ಳಾಪುರಕ್ಕೆ ಹೋಗಿ, ತೆಲುಗಿನದನ್ನು ತೆಲುಗಿನಲ್ಲೇ ಒಪ್ಪಿಸಿದೆ.

ಅವಳು ಹುರುಳಿಕಾಯಿ ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

‘ಯಾರು ತುಂಬ್ತಾರೆ ಅಣ್ಣಾ ಅವ್ಳ ಮಡ್ಲು? ಕೆರೆ ಕಳ್ಕೊಂಡೋಳು ಅವ್ಳು.’

‘ಕತೆ ತಾನೇ. ಎರಡನೇ ಮುದ್ರಣಕ್ಕೆ ಒಂದು ಪುಟ ಸೇರ್ಸಿಬಿಡು. ಒಬ್ಳು ಅಜ್ಜಿ ಬಂದು ಕೊಟ್ಲು ಅನ್ನು. ಖರ್ಚು ನಾನು ಪ್ರೆಸ್ಸಿನೋರ ಹತ್ರ ಮಾತಾಡ್ತೀನಿ.’

‘ನಾನು ಈ ಮನೆಗೆ ಹೊರಟ ದಿನ ನೀನು ಗಾಡಿಗೆ ಸಾಮಾನು ತುಂಬ್ತಿದ್ದೆ. ಒಳಗೆ ಅಮ್ಮ ಅಭ್ಯಾಸಬಲದಲ್ಲಿ ಮೊರಕ್ಕೆ ಅಕ್ಕಿ ಹಾಕ್ಕೊಂಡ್ರು. ಬೆಲ್ಲದಚ್ಚು ಇಟ್ರು. ಆಮೇಲೆ ನನ್ನ ಹಣೆ ನೋಡಿದ್ರು. ನೋಡಿ, ಅಕ್ಕೀನ ವಾಪಸ್ ಡಬ್ಬಿಗೆ ಸುರಿದ್ರು. ಏನೂ ಅನ್ಲಿಲ್ಲ ಪಾಪ. ಬೆಲ್ಲ ಮಾತ್ರ ಕವರಲ್ಲಿ ಸುತ್ತಿ ಕೊಟ್ರು, ಕಾಫಿಗಾಗುತ್ತೆ ಅಂತ.’

ಗಂಡ ಇಲ್ಲದವರಿಗೆ ಮಡಿಲು ತುಂಬುವುದಿಲ್ಲ. ನಮ್ಮಲ್ಲಿ ಯಾರೂ ಅದನ್ನು ಬಾಯಿಬಿಟ್ಟು ಹೇಳುವುದೂ ಇಲ್ಲ, ಅಕ್ಕಿ ಡಬ್ಬಿಗೆ ಹೋಗುತ್ತದೆ ಅಷ್ಟೆ. ಅಮ್ಮ ಈಗಿಲ್ಲ, ಕೇಳುವ ಹಾಗೂ ಇಲ್ಲ.

‘ಅದಕ್ಕೇ ಹಂಗೆ ಬರ್ದೆ’ ಎಂದಳು ತಂಗಿ. ‘ಸುಳ್ಳು ಬರೀಲಿಲ್ಲ. ಆ ಅಂಗಡಿ ಅಮ್ಮ ಹೇಳಿದ್ದೂ ಸರಿ. ಬರಿ ಮಡ್ಲಲ್ಲಿ ಹೋದೋಳು ಬರಲ್ಲ. ಮುಗೀತು ಬಿಡು.’

ಹುರುಳಿಕಾಯಿ ಒಲೆ ಮೇಲಿಟ್ಟಳು. ಊಟ ಮಾಡಿ ಹೋಗು ಎಂದಳು, ಮಾಡಿದೆ. ಇನ್ನೊಂದು ಮಾತಿಲ್ಲ. ಆಮೇಲೆ ಫೋನ್ ಮಾಡಿದಾಗಲೆಲ್ಲ ಮತ್ತದೇ. ಊಟ ಆಯ್ತಾ, ಆಯ್ತು. ಡ್ಯೂಟಿಗೆ ಹೋಗಿದ್ಯಾ, ಹೋಗಿದ್ದೆ. ನಾಲ್ಕು ತಾಲ್ಲೂಕು ಸುತ್ತಿ, ಎಲ್ಲರ ಮಾತು ಹೊತ್ತು, ಕೊನೆಗೆ ನಾನೇ ಅವಳ ಬಾಯಿ ಮುಚ್ಚಿಸಿದ ಹಾಗಾಯಿತು. ಚಂದ್ರಿಕೆ ವ್ಯಾಪಾರದಲ್ಲಿ ಎಷ್ಟೋ ಸಲ ಕೈ ಸುಟ್ಟುಕೊಂಡಿದ್ದೇನೆ, ಇಷ್ಟು ಸುಸ್ತಾಗಿರಲಿಲ್ಲ.

ಮಾರದ ಪುಸ್ತಕ ವಾಪಸ್ ತರಲು ಚಿಂತಾಮಣಿಗೆ ಹೋದೆ. ಬಳೆ ಅಂಗಡಿಯವರಿಗೆ ನೇರವಾಗಿಯೇ ಹೇಳಿದೆ. ‘ನೀವು ಹೇಳಿದ್ದು ತಲುಪಿಸ್ದೆ ಕಣಮ್ಮ. ಬರೆದೋಳು ನನ್ನ ತಂಗಿ. ಗಂಡ ಇಲ್ಲ. ಆ ಮಡ್ಲಕ್ಕಿ ಅವಳ ಕೈಲಿ ಬರೆಯೋಕಾಗಲ್ಲ. ಇನ್ನು ಬರೆಯೋದೂ ಇಲ್ಲ.’

ಅವರು ಬಳೆಯ ಡಬ್ಬಿಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಇದ್ದರು. ಕೊನೆಯ ಡಬ್ಬಿ ಇಟ್ಟು, ‘ಕಟ್ಟು ಇಲ್ಲೇ ಇರ್ಲಿ. ಭಾನ್ವಾರ ಆಕೆ ಮನೇಲಿರ್ತಾರಾ?’ ಎಂದು ಕೇಳಿದರು.

ಭಾನುವಾರ ನಾನೂ ಹೋಗಿದ್ದೆ. ಬಳೆ ಅಂಗಡಿಯವರು ಅವರ ನಾದಿನಿಯನ್ನು ಕರೆದುಕೊಂಡು ಬಸ್ಸಿಳಿದು ಬಂದರು. ಕೈಯಲ್ಲಿ ಬಟ್ಟೆ ಮುಚ್ಚಿದ ಸ್ಟೀಲ್ ತಟ್ಟೆ. ಮುಚ್ಚಳ ತೆಗೆದ ಹಾಗೆ ಬಟ್ಟೆ ಸರಿಸಿದರೆ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಎಲೆ ಅಡಿಕೆ, ಮಡಿಸಿದ ಹಸಿರು ರವಿಕೆ ಕಣ. ತಂಗಿ ಬಾಗಿಲಲ್ಲೇ ಹಿಂದೆ ಸರಿದಳು.

‘ಇದೇನಮ್ಮಾ, ನಂಗೆ ಹಿಡಿಯೋ ಹಾಗಿಲ್ಲ.’

‘ನಿಮಗ್ಯಾರು ತಂದ್ರು?’ ಎಂದರು ಅಂಗಡಿಯವರು. ‘ಇದು ಕೆರೆಯಮ್ಮಂಗೆ. ನಿಮ್ಮ ಕೈಲಿ ಕೊಟ್ಟು ಹೋಗ್ತೀವಿ, ತಲುಪಿಸಿ.’

‘ಅವ್ಳು ಬಸ್ ಹತ್ತಿ ಹೋದ್ಲಲ್ಲ.’

‘ಹತ್ತಿದ್ದು ಹೇಳಿದ್ರಿ. ಇಳಿದಿದ್ದು ಎಲ್ಲಿ ಅಂತ ನಮಗೆ ಹೇಳಿಲ್ಲ. ನಿಮಗೆ ಗೊತ್ತಿರುತ್ತೆ.’

ನಾದಿನಿ, ‘ನಮ್ಮ ಬಸ್ಸಿಗೆ ಹೊತ್ತಾಗುತ್ತೆ ಅಕ್ಕಾ’ ಎಂದು ಅವಸರ ಮಾಡಿದಳು. ಅದೂ ಮುಂಚೆಯೇ ಮಾತಾಡಿಕೊಂಡು ಬಂದದ್ದೆಂದು ನನಗೆ ಆಮೇಲೆ ಹೊಳೆಯಿತು, ಚಿಂತಾಮಣಿಗೆ ಸಂಜೆಯವರೆಗೂ ಬಸ್ಸಿದೆ. ಕೊಡುವವರು ಕೈ ಚಾಚಿ ನಿಂತರೆ, ತೆಗೆದುಕೊಳ್ಳುವವರಿಗೆ ಯೋಚಿಸಲು ಪುರುಸೊತ್ತು ಕೊಡಬಾರದು. ಇಷ್ಟು ವರ್ಷ ನಾನು ಮಾಡಿದ ಚೌಕಾಸಿಗಳೆಲ್ಲ ಆ ಹೆಂಗಸಿನ ಮುಂದೆ ಏನೂ ಅಲ್ಲ.

‘ತಲುಪಿಸೋದು ತಾನೇ’ ಎಂದಳು ತಂಗಿ ಕೊನೆಗೆ.

‘ಅಷ್ಟೇ ಅಮ್ಮ. ಪೋಸ್ಟ್‌ಮ್ಯಾನ್ ಕೆಲ್ಸ. ಪೋಸ್ಟ್‌ಮ್ಯಾನಿಗೆ ಶಾಸ್ತ್ರ ಇಲ್ಲ.’

ತಂಗಿ ದುಪಟ್ಟಾದ ಸೆರಗು ಚಾಚಿದಳು. ಅಂಗಡಿಯವರು ಅಕ್ಕಿ ಸುರಿದು, ಕಾಯಿ, ಬೆಲ್ಲ, ಎಲೆ ಅಡಿಕೆ, ಕಣ ಇಟ್ಟರು. ಮಡಿಲು ತುಂಬಿಸಿಕೊಂಡವರು ಅದರಿಂದ ಒಂದು ಹಿಡಿ ಅಕ್ಕಿ ಕೊಟ್ಟವರ ತಟ್ಟೆಗೇ ವಾಪಸ್ ಹಾಕಬೇಕು, ತವರು ಬರಿದಾಗಬಾರದೆಂದು. ಅವಳ ಕೈ ತಾನಾಗಿಯೇ ಹೋಗಿ ಒಂದು ಹಿಡಿ ಎತ್ತಿ ತಟ್ಟೆಗೆ ಹಾಕಿತು. ಹಾಕಿದ ಮೇಲೆ ಕೈಯನ್ನು ನೋಡಿಕೊಂಡಳು. ಕಾಫಿ ಆಯಿತು. ಹೊರಡುವಾಗ ಅಂಗಡಿಯವರು ಎರಡನೇ ಭಾಗವನ್ನು ಬೈದೇ ಹೋದರು. ಮೊದಲ ನೂರು ಪುಟ ಬರೀ ಎಳೆತವಂತೆ, ಅಷ್ಟುದ್ದ ಯಾಕಂತೆ.

ಅವರು ಹೋದ ಮೇಲೆ ನಾನೂ ಚಪ್ಪಲಿ ಮೆಟ್ಟಿಕೊಂಡೆ. ತಂಗಿ ಇನ್ನೂ ಮಡಿಲು ಹಿಡಿದುಕೊಂಡೇ ನಿಂತಿದ್ದಳು.

‘ಅಣ್ಣಾ, ಆ ಗೌರಿಬಿದನೂರಿನ ಸಂಜೆ ಬಸ್ಸು ಮಂಚೇನಹಳ್ಳೀಲಿ ಎಷ್ಟು ಹೊತ್ತು ನಿಲ್ಲುತ್ತೆ?’

‘ಟೀ ಕುಡಿಯೋಷ್ಟು.’

‘ಆಚೆಗೆ ಎಲ್ಲೆಲ್ಲಿ ನಿಲ್ಸ್ತಾನೆ? ರಿಕ್ವೆಸ್ಟ್ ಸ್ಟಾಪೂ ಹೇಳು.’

ನನಗೆ ಬೆಳಿಗ್ಗೆಯಿಂದ ಸೊಂಟ ನೋವು. ಆದರೂ ಚಪ್ಪಲಿ ಬಿಟ್ಟು ಮತ್ತೆ ಒಳಗೆ ಬಂದು ಕೂತು, ಪ್ರತಿ ನಿಲ್ದಾಣ ಹೇಳಿದೆ. ಒಂದೊಂದರಲ್ಲೂ ಯಾವ ಅಂಗಡಿ ಇದೆ, ಯಾವ ಮರ ಇದೆ, ಕೆರೆ ಎಡಕ್ಕೋ ಬಲಕ್ಕೋ ಎಂದು ಅಡ್ಡಪ್ರಶ್ನೆ ಹಾಕಿದಳು. ನಾನು ಹೇಳಿದ ಒಂದು ಕೆರೆ ಬಲಕ್ಕಲ್ಲ, ಎಡಕ್ಕೆ ಎಂದು ಜಗಳವನ್ನೂ ಆಡಿದಳು. ಬರೆಯುತ್ತಾಳೋ ಇಲ್ಲವೋ ನಾನು ಕೇಳಲಿಲ್ಲ. ಜಗಳ ಆಡಿದಳಲ್ಲ, ಅಷ್ಟು ಸಾಕಾಗಿತ್ತು.

ಈಗ ಓದುವ ನಿಮಗೆ ನಾನು ಹೇಳುವುದಿಷ್ಟು. ಯಾವ ಪುಸ್ತಕದ ಎರಡನೇ ಭಾಗವಾದರೂ ಸರಿ, ಪೂರ್ತಿ ಓದಿ ಆಮೇಲೆ ಮಾತಾಡಿ. ಬರೀ ಚೆನ್ನಾಗಿದೆ ಎಂದು ಹೇಳಿ ತಪ್ಪಿಸಿಕೊಳ್ಳಬೇಡಿ. ಎಲ್ಲಿ ಸಿಟ್ಟು ಬಂತು, ಯಾರಿಗೆ ಅನ್ಯಾಯ ಆಯಿತು, ಪುಟ ತೆಗೆದು ತೋರಿಸಿ ಹೇಳಿ. ಲೋಡು ಹಾಕಿಕೊಂಡು ಹೊರಟ ಅಣ್ಣನನ್ನೋ ತಮ್ಮನನ್ನೋ ದಾರಿಯಲ್ಲಿ ನಿಲ್ಲಿಸಿ ಹೇಳಿ ಕಳಿಸಬೇಡಿ, ಅವನಿಗೆ ಅವನದೇ ಸಾಕಷ್ಟಿರುತ್ತದೆ. ನಿಮ್ಮ ಮನೆಯಲ್ಲೇ ಬರೆಯುವವರಿದ್ದರೆ, ಜನ ಅಂದದ್ದನ್ನು ತೂಕ ಕಡಿಮೆ ಮಾಡಿ ಒಪ್ಪಿಸಬೇಡಿ, ಒಂದು ಪುಟ ಸೇರಿಸು ಎಂದು ನನ್ನ ಹಾಗೆ ಬುದ್ಧಿಯನ್ನೂ ಹೇಳಬೇಡಿ. ತೀರಾ ಮನಸ್ಸಿಗೆ ಹತ್ತಿದ ಮಾತಾದರೆ ಫೋನಿನಲ್ಲಿ ಮುಗಿಸದೆ, ಭಾನುವಾರ ಒಂದು ಬಸ್ ಹಿಡಿದು ಬರೆದವರ ಮನೆಗೇ ಹೋಗಿ. ಬರಿಗೈಯಲ್ಲಿ ಹೋಗಬೇಡಿ. ಮನೆಯಲ್ಲಿರುತ್ತಾರಾ ಎಂದು ಮಾತ್ರ ಮುಂಚೆಯೇ ಕೇಳಿಕೊಳ್ಳಿ.